ಎಳೆಗೂಸಿನ ಇರುಳು

ಮಳೆಗಾಲದಲ್ಲಿ ಬಾಳ್ಳುಪೇಟೆಯ ಆಸುಪಾಸಿನ ಮನೆಗಳಲ್ಲಿ ಬಾಣಂತಿಯ ಕೋಣೆಯ ಕಿಟಕಿ ಬಾಗಿಲುಗಳು ಸಾಮಾನ್ಯವಾಗಿ ಮುಚ್ಚಿಯೇ ಇರುತ್ತವೆ. ಒಳಗೆ ಹಗಲಿಗೂ ಇರುಳಿಗೂ ಹೆಚ್ಚಿನ ಅಂತರವಿರುವುದಿಲ್ಲ. ಒಂದು ತಿಂಗಳ ಕೂಸು ಹಗಲೆಲ್ಲ ನಿದ್ರಿಸಿ, ಮನೆಯವರು ಮಲಗುವ ಹೊತ್ತಿಗೆ ಅಳಲು ತೊಡಗಿದರೆ, ದೃಷ್ಟಿ ತಾಗಿತೆಂದು ಕೆಲವರೂ ಹೊಟ್ಟೆನೋವೆಂದು ಕೆಲವರೂ ಹೇಳುವುದುಂಟು. ಶರೀರಶಾಸ್ತ್ರವು ಕೊಡುವ ಉತ್ತರವೇನೆಂಬುದನ್ನು ಇಲ್ಲಿ ವಿಚಾರಿಸೋಣ.

ನಮ್ಮ ಮಿದುಳಿನ ತಳಭಾಗದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಸ್ಥಳದ ಮೇಲೆ, ಜೀವಕೋಶಗಳ ಸಣ್ಣ ಗುಂಪೊಂದುಂಟು. ಇದೇ ದೇಹದ ಗಡಿಯಾರ. ಕಣ್ಣಿಗೆ ಬೀಳುವ ಬೆಳಕು ಇದನ್ನು ದಿನದಿನವೂ ಸರಿಪಡಿಸುತ್ತದೆ. ಕತ್ತಲಾದ ಮೇಲೆ ಇದರ ಅಪ್ಪಣೆಯಂತೆ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಗರ್ಭದಲ್ಲಿರುವಾಗ ತಾಯಿಯ ಮೆಲಟೋನಿನ್ ಶಿಶುವಿಗೂ ದೊರೆಯುತ್ತಿರುತ್ತದೆ. ಹುಟ್ಟಿದೊಡನೆ ಆ ದಾರಿ ಮುಚ್ಚುತ್ತದೆ. ಶಿಶುವಿನ ಸ್ವಂತ ಉತ್ಪತ್ತಿಯಲ್ಲಿ ಹಗಲಿರುಳಿನ ಏರಿಳಿತ ಕಾಣಲು ಸುಮಾರು ಎರಡು ಮೂರು ತಿಂಗಳು ಬೇಕು. ಆದುದರಿಂದ ಹಗಲಿನಲ್ಲಿ ಕೂಸಿನ ಕೋಣೆಗೆ ಬೆಳಕು ಬರಗೊಡುವುದೂ, ಇರುಳಿನ ಹಾಲೂಡಿಕೆಯನ್ನು ಮಂದ ಬೆಳಕಿನಲ್ಲಿ ಸದ್ದಿಲ್ಲದೆ ಮುಗಿಸುವುದೂ ಯುಕ್ತ.

ಷಿಕಾಗೋ ವಿಶ್ವವಿದ್ಯಾನಿಲಯದ ನಥೇನಿಯಲ್ ಕ್ಲೈಟ್‌ಮನ್ನರು ಸಹೋದ್ಯೋಗಿಯೊಡನೆ 19 ಶಿಶುಗಳ ನಿದ್ರೆಯನ್ನು 3ನೆಯ ವಾರದಿಂದ 26ನೆಯ ವಾರದವರೆಗೆ ಗುರುತುಹಾಕಿ 1953ರಲ್ಲಿ ಪ್ರಕಟಿಸಿದರು. ಒಟ್ಟು ನಿದ್ರೆ ಅಷ್ಟಾಗಿ ಕಡಮೆಯಾಗಲಿಲ್ಲ. ಅದು ಮೆಲ್ಲಮೆಲ್ಲನೆ ಹಗಲಿನಿಂದ ಇರುಳಿಗೆ ಸರಿಯಿತು. ಅದೇ ವರ್ಷ ಅವರೂ ಅವರ ಶಿಷ್ಯ ಅಸೆರಿನ್‌ಸ್ಕಿಯವರೂ, ಮುಚ್ಚಿದ ರೆಪ್ಪೆಗಳಡಿಯಲ್ಲಿ ಕಣ್ಣುಗುಡ್ಡೆಗಳು ಬೇಗಬೇಗನೆ ಚಲಿಸುವ ಒಂದು ಬಗೆಯ ನಿದ್ರೆಯಿರುವುದನ್ನು ತಿಳಿಸಿದರು. ನವಜಾತ ಶಿಶುವಿನ ನಿದ್ರೆಯಲ್ಲಿ ಸುಮಾರು ಅರ್ಧಭಾಗ ಈ ಬಗೆಯದು. ಆಗ ಕೂಸು ನಗುತ್ತದೆ, ಮುಲುಗುತ್ತದೆ, ಕೈಕಾಲು ಆಡಿಸುತ್ತದೆ. ಎಚ್ಚರವಾಯಿತೆಂದು ಅಜ್ಜಿ ಓಡಿಬಂದು ಎತ್ತಿಕೊಂಡರೆ ನಿಜವಾಗಿಯೂ ಎಚ್ಚರವಾಗುತ್ತದೆ! ಒಂದೆರಡು ನಿಮಿಷ ಕಾದುನೋಡಿದರೆ ಅನೇಕ ವೇಳೆ ಅದು ತಾನಾಗಿಯೇ ನಿದ್ರೆಗೆ ಮರಳುವುದು.

ಅಳುವಿಗೂ ಒಂದು ಕ್ರಮವುಂಟು. ಅಮೆರಿಕದ ವೈದ್ಯ ಬ್ರೇಜಲ್ಟನ್ನರು 80 ಶಿಶುಗಳ ಅಳುವನ್ನು ತಾಯಂದಿರಿಂದ ಬರೆಯಿಸಿ 1962ರಲ್ಲಿ ತೋರಿಸಿದಂತೆ, ಅದು ಆರನೆಯ ವಾರದ ಹೊತ್ತಿಗೆ ಶಿಖರಕ್ಕೇರಿ ಬಳಿಕ ಇಳಿಯುತ್ತದೆ. ಸಂಜೆಯ ವೇಳೆಗೆ ಹೆಚ್ಚು. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲವೆಂಬುದನ್ನು ಮನೆಮಂದಿ ತಿಳಿದರೆ ಅವಳ ಭಾರ ಎಷ್ಟೋ ಇಳಿಯುವುದು.

ಅತ್ತ ಕೂಸನ್ನು ತೂಗುವ ರೂಢಿ ವ್ಯರ್ಥವಲ್ಲ. ತೊಲೆಗೆ ತೂಗುಹಾಕಿದ ತೊಟ್ಟಿಲು ಒಂದು ಲೋಲಕವಷ್ಟೆ. ಹಗ್ಗದ ಉದ್ದ ಎರಡು ಮೀಟರಾದರೆ ಒಂದು ತೂಗಾಟಕ್ಕೆ ಸುಮಾರು 2.8 ಸೆಕೆಂಡು, ಕೂಸು ಬೆಳೆದು ಭಾರವಾದರೂ ಇದು ಬದಲಾಗದು. ಎತ್ತಿಕೊಂಡು ನಡೆಯುವುದು ಇನ್ನೂ ಒಳ್ಳೆಯದು. ಜಪಾನಿನ ರಿಕೆನ್ ಸಂಸ್ಥೆಯವರು 2022ರಲ್ಲಿ ಪ್ರಕಟಿಸಿದಂತೆ, ಐದು ನಿಮಿಷ ನಡೆದಾಗ ಅಳುತ್ತಿದ್ದ ಶಿಶುಗಳಲ್ಲಿ ಹಲವು ನಿದ್ರಿಸಿದವು. ಒಡನೆಯೇ ಮಲಗಿಸದೆ, ತೊಡೆಯಮೇಲೆ ಐದರಿಂದ ಎಂಟು ನಿಮಿಷ ಇಟ್ಟುಕೊಂಡು ಆಮೇಲೆ ಹಾಸಿಗೆಗೆ ಇಳಿಸಬೇಕೆಂಬುದು ಅವರ ಸೂಚನೆ.

ಅಳುವಿಗೆ ಓಗೊಡುವುದನ್ನು ಸ್ವಲ್ಪಸ್ವಲ್ಪವಾಗಿ ತಡಮಾಡಿ, ತಾನಾಗಿ ನಿದ್ರಿಸುವುದನ್ನು ಕಲಿಸುವ ಪದ್ಧತಿ ಪಶ್ಚಿಮದೇಶಗಳಲ್ಲಿದೆ. ಏಳು ತಿಂಗಳ ಶಿಶುಗಳ ತಾಯ್ತಂದೆಯರಿಗೆ ಇಂತಹ ಉಪಾಯಗಳನ್ನು ಹೇಳಿಕೊಟ್ಟು, ಐದು ವರ್ಷಗಳ ಬಳಿಕ ಪರೀಕ್ಷಿಸಿದ ಆಸ್ಟ್ರೇಲಿಯದ ವಿಜ್ಞಾನಿಗಳಿಗೆ ಶಾಶ್ವತವಾದ ಹಾನಿಯೂ ಲಾಭವೂ ಕಾಣಲಿಲ್ಲ. ಆದರೆ ಎರಡು ಮೂರು ತಿಂಗಳ ಕೂಸಿನ ಹೊಟ್ಟೆ ಚಿಕ್ಕದು, ಗಡಿಯಾರ ಅಪಕ್ವ. ಅದಕ್ಕೆ ಈ ಶಿಕ್ಷಣ ಸಲ್ಲದೆಂದೇ ನಮ್ಮ ಅಭಿಪ್ರಾಯ.

ಅಳುವಿಗಿಂತ ಹೆಚ್ಚಿನ ಭಯ ಬೇರೆಡೆಯಿದೆ. ಚಳಿಯೆಂದು ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ಇಂಗಾಲದ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಅಳುತ್ತಿದ್ದ ಕೂಸು ಸುಮ್ಮನಾದುದು ನಿದ್ರೆಯಿಂದಲ್ಲದೆ ವಿಷದಿಂದಲೂ ಆಗಿರಬಹುದು. ಕೂಸನ್ನು ಯಾವಾಗಲೂ ಅಂಗಾತವಾಗಿ, ಗಟ್ಟಿಯಾದ ಸಮತಲದ ಹಾಸಿಗೆಯಲ್ಲಿ ಮಲಗಿಸಬೇಕು. ಕಂಬಳಿ ಮುಖದ ಮೇಲೆ ಬರಕೂಡದು. ಸೀರೆಯ ಜೋಲಿಯಲ್ಲಿ ಗಲ್ಲ ಎದೆಗೆ ಒತ್ತಿಕೊಂಡರೆ ಉಸಿರು ಕಟ್ಟುವ ಅಪಾಯವುಂಟು. ಕಣ್ಣಳತೆಯಲ್ಲಿಲ್ಲದ ಹೊತ್ತು ಅದು ತಕ್ಕ ಸ್ಥಳವಲ್ಲ. ಬೇಸತ್ತಾಗಲೂ ಕೂಸನ್ನು ಕುಲುಕಲೇಬಾರದು, ಮಿದುಳಿನಲ್ಲಿ ರಕ್ತಸ್ರಾವವಾಗುವುದು. ಮೂರು ತಿಂಗಳೊಳಗಿನ ಕೂಸಿನ ಮೈ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಅಥವಾ ಅದು ಹಾಲು ಕುಡಿಯದೆ ಅಳುತ್ತಲೇ ಇದ್ದರೆ, ಬೆಳಗಾಗಲೆಂದು ಕಾಯದೆ ಸಕಲೇಶಪುರಕ್ಕೋ ಹಾಸನಕ್ಕೋ ಆಸ್ಪತ್ರೆಗೆ ಒಯ್ಯತಕ್ಕದ್ದು.