ಲುಕ್ಸಾನು ಯಾವ ಖಾತೆಗೆ?

ಗುಡೂರು, ಇಳಕಲ್, ಗುಳೇದಗುಡ್ಡ ಕಡೆಯ ನೇಕಾರಿಕೆ ಮನೆತನಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಸ್ವಲ್ಪ ದೊಡ್ಡ ವ್ಯಾಪಾರವಾದರೆ ಅದರಲ್ಲಿ ಮೂರು ವಿಭಾಗ ಇದ್ದೇ ಇರುತ್ತವೆ: ನೂಲಿಗೆ ಬಣ್ಣ ಹಾಕುವ ಮನೆ, ಮಗ್ಗಗಳು, ಸೀರೆ ಅಂಗಡಿ. ಬಣ್ಣ ತಮ್ಮನ ಕೈಯಲ್ಲಿ, ಮಗ್ಗ ಅಣ್ಣನ ಕೈಯಲ್ಲಿ, ಗಲ್ಲಾಪೆಟ್ಟಿಗೆ ಅಣ್ಣನ ಮಗನ ಕೈಯಲ್ಲಿ. ಒಟ್ಟು ಲಾಭ ಇಷ್ಟು ಎಂದು ಹೇಳಿ ಏಳುವ ಹಾಗಿಲ್ಲ. ‘ಇದರಾಗ ಯಾರದೆಷ್ಟು, ಅದನ್ನ ಹೇಳ್ರಿ ಸರ’ ಎನ್ನುತ್ತಾರೆ. ಕಂಪನಿ ದೊಡ್ಡದಿರಲಿ, ಮನೆತನದ್ದಿರಲಿ, ಕಷ್ಟದ ಪ್ರಶ್ನೆ ಇದೇ. ಅದನ್ನು ಬಿಡಿಸುವಾಗ ನಾನು ನೆನಪಿಡುವ ಮಾತುಗಳು ಇವು.

1. ಲುಕ್ಸಾನು ಕಾಣುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ಕೆಂಪು ರೇಷ್ಮೆಯದು, ಅದರ ನಡುವೆ ಬಿಳಿ ಚಿತ್ತಾರ. ಮೈ ಹಾಸಿನ ಒಂದೊಂದು ಎಳೆಯನ್ನೂ ಸೆರಗಿನ ಹಾಸಿನ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೆಂಪು ಪಕ್ಕಾ ಕೂತಿರದಿದ್ದರೆ ಮೊದಲ ಒಗೆತಕ್ಕೇ ಬಿಳಿಯ ಮೇಲೆ ಹರಿಯುತ್ತದೆ. ಗಿರಾಕಿ ಸೀರೆ ತಂದು ಅಂಗಡಿಯ ಗಾದಿಯ ಮೇಲೆ ಎಸೆಯುತ್ತಾಳೆ. ಅಂಗಡಿಯವನು ಬೇರೆ ಸೀರೆ ಕೊಟ್ಟು ಕಳಿಸುತ್ತಾನೆ. ಲುಕ್ಸಾನು ಅವನ ಖಾತೆಯಲ್ಲಿ ಕೂರುತ್ತದೆ. ಕೊಂಡಿ ಹಾಕಿದ ಹೆಣ್ಣುಮಗಳ ಕೂಲಿ, ನೇಕಾರನ ಮಜೂರಿ, ನೂಲು ಎಲ್ಲ ಅದರಲ್ಲಿ ಮುಳುಗಿದವು. ಬಣ್ಣದ ಮನೆಯ ಪುಸ್ತಕ ಮಾತ್ರ ಸ್ವಚ್ಛ! ಆದ್ದರಿಂದ ವಾಪಸ್ ಬಂದ ಸೀರೆಗಳಿಗೆ ಬೇರೆಯೇ ಒಂದು ಪುಸ್ತಕ ಇಡಿಸುತ್ತೇನೆ. ತಪ್ಪು ಬಣ್ಣದ್ದೋ, ನೇಯ್ಗೆಯದೋ, ಅಂಗಡಿಯದೋ ಎಂದು ಬರೆದು, ಸೀರೆಯ ಪೂರ್ತಿ ಖರ್ಚನ್ನು ಆ ವಿಭಾಗದ ಮೇಲೆ ಹಾಕುವುದು. ಈ ಪುಸ್ತಕ ಶುರುವಾದಲ್ಲೆಲ್ಲ ಮೊದಲು ಜಗಳ ಬರುತ್ತದೆ, ಆಮೇಲೆ ಬಣ್ಣದ ಲಡಿಯನ್ನು ತೊಳೆದು ನೋಡಿಯೇ ಮಗ್ಗಕ್ಕೆ ಕೊಡುವ ರೂಢಿ ಬರುತ್ತದೆ.

2. ಒಳಗಿನ ದರವನ್ನು ಹೊರಗಿನ ಪೇಟೆ ಕೇಳಿ ಕಟ್ಟಿ. ಬಣ್ಣದ ಮನೆ ತನಗೆ ತಗುಲಿದ ಖರ್ಚಿಗೇ ನೂಲನ್ನು ಮಗ್ಗಕ್ಕೆ ಕೊಟ್ಟರೆ, ಅಲ್ಲಿ ಪೋಲಾದ ಸೌದೆ, ಎರಡನೇ ಸಲ ಹಾಕಿದ ಬಣ್ಣ ಎಲ್ಲ ಮಗ್ಗದ ತಲೆಗೆ ಬರುತ್ತದೆ. ಹೊರಗಿನವರು ಕಿಲೋಗೆ ಏನು ಕೇಳುತ್ತಾರೆಂದು ಸೀಜನ್ನಿಗೆ ಮುಂಚೆ ವಿಚಾರಿಸಿ ದರ ನಿಗದಿ ಮಾಡಿ, ಮಧ್ಯದಲ್ಲಿ ಬದಲಿಸಬೇಡಿ. ಹೆಚ್ಚಾದ ಖರ್ಚು, ಉಳಿದ ದುಡ್ಡು ಎರಡೂ ಬಣ್ಣದವನದು.

3. ಜಿಎಸ್‌ಟಿ ಬಿಲ್ಲಿನ ದರವೇ ವಿಭಾಗದ ದರವಲ್ಲ. ನಮ್ಮ ಸೀರೆಗೆ ಮಹಾರಾಷ್ಟ್ರದಲ್ಲಿ ದೊಡ್ಡ ಗಿರಾಕಿ. ಸೊಲ್ಲಾಪುರದಲ್ಲಿ ಅಂಗಡಿ ಇಟ್ಟರೆ ಅದಕ್ಕೆ ಬೇರೆ ನೋಂದಣಿ ಬೇಕು. ಸ್ವಂತ ಅಂಗಡಿಗೇ ಮಾಲು ಕಳಿಸಿದರೂ ಕಾನೂನು ಅದನ್ನು ಪೂರೈಕೆ ಎನ್ನುತ್ತದೆ, ಶೇಕಡಾ 5 ತೆರಿಗೆ ಕಟ್ಟಬೇಕು. ಆ ಅಂಗಡಿಗೆ ಪೂರ್ತಿ ಇನ್‌ಪುಟ್ ಕ್ರೆಡಿಟ್ ಸಿಗುವಂತಿದ್ದರೆ, ನಿಯಮ 28ರ ಪ್ರಕಾರ ಬಿಲ್ಲಿನಲ್ಲಿ ಬರೆದ ಬೆಲೆಯೇ ಮಾನ್ಯ. ಹೀಗಾಗಿ ಕಡಿಮೆ ಬೆಲೆ ಬರೆದು ಕಳಿಸುತ್ತಾರೆ. ತೆರಿಗೆಗೆ ಅದು ಸರಿ. ಅದೇ ಅಂಕಿ ಹಿಡಿದು ‘ಸೊಲ್ಲಾಪುರ ಭಾರಿ ಲಾಭದಾಗೈತಿ’ ಎಂದು ಕುಣಿಯುವುದು ಸರಿಯಲ್ಲ.

4. ಕೂಡು ಖರ್ಚನ್ನು ಸಮಪಾಲು ಮಾಡಿ ಯಾರನ್ನೂ ಕೊಲ್ಲಬೇಡಿ. ಲೆಕ್ಕಕ್ಕೆ ಹೀಗೆ ಹಿಡಿಯೋಣ: ಬಣ್ಣದ ಮನೆಗೆ ಒಳಗಿನ ದರದಲ್ಲಿ 90,000 ರೂಪಾಯಿ ಆದಾಯ, ಸ್ವಂತ ಖರ್ಚು 70,000. ಉಳಿದದ್ದು 20,000. ಗುಮಾಸ್ತನ ಪಗಾರ, ಗಾಡಿ, ಹಿರಿಯರ ಖರ್ಚು ಎಲ್ಲ ಸೇರಿ 90,000 ಇದ್ದು, ಅದನ್ನು ಮೂರು ಪಾಲು ಮಾಡಿದರೆ ಬಣ್ಣದ ಮನೆಗೆ 30,000 ಬಿತ್ತು. ಈಗ ಅದು 10,000 ಲುಕ್ಸಾನಿನಲ್ಲಿದೆ. ‘ಮುಚ್ಚಿಬಿಡೂಣು’ ಎನ್ನುತ್ತಾರೆ. ಮುಚ್ಚಿದರೆ ಗುಮಾಸ್ತ ಹೋಗುತ್ತಾನೆಯೇ? ಗಾಡಿ ಮಾರುತ್ತಾರೆಯೇ? ಹಿರಿಯರಂತೂ ಎಲ್ಲಿಗೂ ಹೋಗುವುದಿಲ್ಲ. ಆ 30,000 ಉಳಿದ ಇಬ್ಬರ ಮೇಲೆ ಬೀಳುತ್ತದೆ, ಬರುತ್ತಿದ್ದ 20,000 ಹೋಗುತ್ತದೆ, ಮುಂದಿನ ವರ್ಷ ಮಗ್ಗದ ವಿಭಾಗ ಲುಕ್ಸಾನಿನಲ್ಲಿ ಕಾಣುತ್ತದೆ. ನಾನು ಪಟ್ಟಿಯಲ್ಲಿ ಕೂಡು ಖರ್ಚಿನ ಮೇಲೊಂದು ಗೆರೆ ಎಳೆಯುತ್ತೇನೆ. ವಿಭಾಗವನ್ನು ಅಳೆಯಬೇಕಾದದ್ದು ಆ ಗೆರೆಯ ಮೇಲಿನ ಅಂಕಿಯಿಂದ. ಕೆಳಗಿನದು ಇಡೀ ಮನೆಗೆ ಸೇರಿದ್ದು.

5. ಶೇಕಡಾವಾರು ನೋಡಿ ಮೋಸ ಹೋಗಬೇಡಿ. ಹಾಕಿದ ಬಂಡವಾಳಕ್ಕೆ ಲಾಭ ಶೇಕಡಾ ಎಷ್ಟು ಎಂಬ ಅಳತೆಯನ್ನು 1910ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಡೊನಾಲ್ಡ್‌ಸನ್ ಬ್ರೌನ್ ಸೂತ್ರದ ರೂಪಕ್ಕೆ ತಂದ. ಒಳ್ಳೆಯ ಅಳತೆಯೇ, ಆದರೆ ಹಳೆಯ ಮಗ್ಗ ಇದ್ದವನು ಇಲ್ಲಿ ಕೂತಲ್ಲೇ ಗೆಲ್ಲುತ್ತಾನೆ, ಏಕೆಂದರೆ ಸವಕಳಿ ಕಳೆದ ಮೇಲೆ ಅದರ ಪುಸ್ತಕದ ಬೆಲೆ ಏನೂ ಉಳಿದಿರುವುದಿಲ್ಲ. ಇನ್ನೊಂದು ಮೋಸವೂ ಇದೆ: 2 ಲಕ್ಷ ಬಂಡವಾಳಕ್ಕೆ 50,000 ಗಳಿಸುವವನದು ಶೇಕಡಾ 25. ಇನ್ನೊಂದು ಲಕ್ಷ ಹಾಕಿದರೆ 18,000 ಬರುತ್ತದೆ ಎಂದರೆ ಅವನು ಒಲ್ಲೆ ಎನ್ನುತ್ತಾನೆ, ಸರಾಸರಿ ಇಳಿಯುತ್ತದಲ್ಲ! ಬ್ಯಾಂಕಿನ ಬಡ್ಡಿ ಶೇಕಡಾ 12 ಎಂದಿಟ್ಟುಕೊಳ್ಳಿ. ಬಡ್ಡಿ ಕಳೆದರೆ ಮೊದಲು ಉಳಿಯುತ್ತಿದ್ದದ್ದು 26,000, ಹೊಸ ಹಣ ಹಾಕಿದ ಮೇಲೆ 32,000. ಮನೆಗೆ ಬೇಕಾದದ್ದು ಈ 32,000.

6. ಎಲ್ಲರಿಗೂ ಒಂದೇ ಅಳತೆಗೋಲು ಆಗದು. ಬಸ್ಸಿನ ಉದಾಹರಣೆ ನೋಡಿ: ವಾಯವ್ಯ ಸಾರಿಗೆಯ ಬಾಗಲಕೋಟೆ ವಿಭಾಗದಲ್ಲಿ ಹೆದ್ದಾರಿಯ ಮೇಲೆ ಓಡುವ ಬಸ್ಸು, ಹಳ್ಳಿಗೆ ಹೋಗಿ ರಾತ್ರಿ ತಂಗುವ ಬಸ್ಸು ಎರಡೂ ಇವೆ. ಕಿಲೋಮೀಟರಿನ ಗಳಿಕೆ ಒಂದೇ ಆದೀತೆ? ಅವನ್ನು ತಮ್ಮ ತಮ್ಮ ಹಿಂದಿನ ವರ್ಷಕ್ಕೇ ಹೋಲಿಸಬೇಕು. ಅದರಲ್ಲೂ 2023ರ ಜೂನ್ 11ರಂದು ಶುರುವಾದ, ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆಗೆ ಮುಂಚಿನ ಅಂಕಿ, ನಂತರದ ಅಂಕಿ ಬೇರೆ ಬೇರೆ. ಸೀರೆಗೂ ಹಾಗೆಯೇ: ಬನಶಂಕರಿ ಜಾತ್ರೆಯ ತಿಂಗಳನ್ನು ಆಷಾಢಕ್ಕೆ ಹೋಲಿಸಬೇಡಿ.

7. ವಿಭಾಗ ಬೇರೆ, ಅದನ್ನು ನಡೆಸುವವನು ಬೇರೆ. ರೇಷ್ಮೆಯ ಬೆಲೆ ಏರಿದರೆ ಮಗ್ಗ ನೋಡುವವನು ಏನು ಮಾಡಿಯಾನು? ಅವನ ಕೆಲಸ ಅಳೆಯುವಾಗ ರೇಷ್ಮೆಗೆ ವರ್ಷದ ಮೊದಲು ಕಟ್ಟಿದ ದರವನ್ನೇ ಹಾಕುತ್ತೇನೆ. ಒಂದು ಸೀರೆಗೆ ಎಷ್ಟು ನೂಲು ಹೋಯಿತು, ಎಷ್ಟು ಮಗ್ಗ ಖಾಲಿ ನಿಂತವು ಎಂಬುದು ಮಾತ್ರ ಅವನ ಲೆಕ್ಕ.

8. ಉದ್ರಿಯನ್ನು ಲಾಭ ಎನ್ನಬೇಡಿ. ಅಂಗಡಿಯವನ ಮಾರಾಟದ ಅಂಕಿ ಯಾವಾಗಲೂ ಚೆಂದ ಕಾಣುತ್ತದೆ, ಅರ್ಧ ಉದ್ರಿ ಖಾತೆಯಲ್ಲಿ ಕೂತಿದ್ದರೂ ಸೈ. ಕಪಾಟಿನಲ್ಲಿ ಮಲಗಿದ ಮಾಲಿಗೂ ಬಾಕಿ ಹಣಕ್ಕೂ ಬಡ್ಡಿ ಹಾಕಿ ಅಂಗಡಿಯ ಲಾಭದಿಂದ ಕಳೆಯುತ್ತೇನೆ. ಇದಕ್ಕೆ ಎಲ್ಲರಿಗಿಂತ ತಡವಾಗಿ ಒಪ್ಪುವವರು ಅಂಗಡಿಯವರೇ. ‘ಹಂಗಾದ್ರ ಲಗ್ನದ ಮನಿಯವ್ರಿಗೆ ಉದ್ರಿ ಕೊಡೂದ ಬ್ಯಾಡೇನ್ರಿ ಸರ?’ ಎಂದು ಕೇಳುತ್ತಾರೆ. ಕೊಡ್ರಿ, ಬಡ್ಡಿ ಮಾತ್ರ ನಿಮ್ಮ ಖಾತೆಗೆ ಬರೀತೀನಿ ಎನ್ನುತ್ತೇನೆ.