ತಿರುವು ಮುಗಿದರೂ ಸ್ಟೇರಿಂಗ್ ನೇರಕ್ಕೆ ಬಾರದಿದ್ದರೆ



ಕೆಚ್ಚಲು ಬಾವು, ಜಂತುಹುಳು, ಹಸಿರು ಮೇವು ಎಂದು ಬರೆಯುವ ಪಶುವೈದ್ಯನಿಗೆ ಪಿಕಪ್ ಗಾಡಿಯ ಗೊಡವೆ ಏಕೆ ಎಂದು ತಾವು ಕೇಳಬಹುದು. ಕರೆದ ಹಾಲು ಹಸುವಿನ ಮೈ ಬಿಸಿಯಲ್ಲೇ ಇರುತ್ತದೆ. ಆ ಬಿಸಿಯಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಯೊಳಗೇ ಇಮ್ಮಡಿಯಾಗಬಲ್ಲವು. ಹಾಲು ತಂಪಾಗುವುದು ಶೀತಲೀಕರಣ ಕೇಂದ್ರ ಮುಟ್ಟಿದ ಮೇಲೆಯೇ. ನಡುವಿನ ಹೊತ್ತು ಪೂರ್ತಿ ಗಾಡಿಯ ಕೈಯಲ್ಲಿದೆ. ಕಷ್ಟದ ಹೆರಿಗೆಯ ಹಸುವನ್ನು ಮೈಸೂರಿನ ಆಸ್ಪತ್ರೆಗೆ ತರುವುದೂ ಇದೇ ಪಿಕಪ್‌ನಲ್ಲಿ. ಆದ್ದರಿಂದ ಈ ಸಲ ಒಂದೇ ಒಂದು ದೋಷವನ್ನು ತೆಗೆದುಕೊಂಡು, ಅದನ್ನು ಪತ್ತೆ ಮಾಡುವ ಕ್ರಮವನ್ನು ತಿಳಿಸುತ್ತೇನೆ.

ಹಳ್ಳಿಯ ದಾರಿಯಿಂದ ಹುಣಸೂರು ರಸ್ತೆಗೋ ಎಚ್.ಡಿ. ಕೋಟೆ ರಸ್ತೆಗೋ ತಿರುಗಿದಿರಿ ಎನ್ನಿ. ತಿರುವು ಮುಗಿದಾಗ ಕೈ ಸಡಿಲಿಸಿದರೆ ಸ್ಟೇರಿಂಗ್ ಚಕ್ರ ತಾನಾಗಿ ನೇರಕ್ಕೆ ಮರಳಬೇಕು. ಮರಳದೆ ತಿರುಗಿಸಿದ ಕಡೆಯೇ ನಿಂತರೆ ಗಾಡಿ ಎದುರಿನ ಸಾಲಿಗೋ ಚರಂಡಿಗೋ ಹೊರಳುತ್ತದೆ. ಚಾಲಕನು ದಿನವೂ ಎಳೆದು ಎಳೆದು ನೇರ ಮಾಡುವುದನ್ನು ರೂಢಿ ಮಾಡಿಕೊಂಡುಬಿಡುತ್ತಾನೆ. ಬೆಳಗಿನ ಜಾವ ಮಂಜಿನಲ್ಲಿ ಸೈಕಲ್ಲಿನವನೊಬ್ಬ ಅಡ್ಡ ಬಂದಾಗ ಆ ರೂಢಿ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಗಾಡಿ ನೇರವಾಗಿ ಹೋಗುತ್ತಿದ್ದು, ಸ್ಟೇರಿಂಗ್ ಚಕ್ರದ ಕಡ್ಡಿಗಳು ಮಾತ್ರ ಓರೆಯಾಗಿ ಕಂಡರೆ ಅದು ಬೇರೆ ವಿಷಯ. ಅಲೈನ್‌ಮೆಂಟ್ ಮಾಡುವಾಗ ಚಕ್ರವನ್ನು ನಡುವಿಗೆ ಹಿಡಿದಿರಲಿಲ್ಲ ಎಂದಷ್ಟೇ ಅರ್ಥ.

ಚಕ್ರ ತಾನಾಗಿ ನೇರವಾಗುವುದು ಹೇಗೆ? ಸೈಕಲ್ಲಿನ ಮುಂದಿನ ಫೋರ್ಕನ್ನು ಪಕ್ಕದಿಂದ ನೋಡಿ. ಅದು ನೆಟ್ಟಗಿಲ್ಲ, ಮೇಲ್ಭಾಗ ಹಿಂದಕ್ಕೆ ವಾಲಿದೆ. ಆ ವಾಲಿನ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಹೀಗಾಗಿ ಟೈರು ಆ ಗೆರೆಯ ಹಿಂದೆ ಹಿಂಬಾಲಿಸಿಕೊಂಡು ಬರುತ್ತದೆ. ಗಾಡಿಯ ಮುಂಚಕ್ರ ತಿರುಗುವ ಅಚ್ಚಿಗೂ ಇದೇ ವಾಲು ಇದೆ. ಮೆಕ್ಯಾನಿಕ್ಕುಗಳು ಇದನ್ನು ಕ್ಯಾಸ್ಟರ್ ಎನ್ನುತ್ತಾರೆ. ಇದಲ್ಲದೆ ಅಚ್ಚು ಒಳಬದಿಗೂ ಓರೆಯಾಗಿರುತ್ತದೆ. ಚಕ್ರ ತಿರುಗಿಸಿದಾಗ ಗಾಡಿಯ ಮುಂಭಾಗ ಕೂದಲೆಳೆಯಷ್ಟು ಮೇಲೇಳುತ್ತದೆ, ಭಾರವು ಅದನ್ನು ಮತ್ತೆ ಕೆಳಕ್ಕೆ, ಅಂದರೆ ನೇರಕ್ಕೆ, ತಳ್ಳುತ್ತದೆ. ಹಾಗಾದರೆ ಸ್ಟೇರಿಂಗ್ ಮರಳದಿರಲು ಕಾರಣಗಳು ಎರಡೇ: ಒಂದೋ ತಳ್ಳುವ ಶಕ್ತಿ ಕಡಿಮೆಯಾಗಿದೆ, ಇಲ್ಲವೇ ಎಲ್ಲೋ ಒಂದು ಕಡೆ ಬಿಗಿ ಹಿಡಿದಿದೆ. ಪರೀಕ್ಷೆಯೆಲ್ಲ ಈ ಎರಡನ್ನು ಬೇರ್ಪಡಿಸುವುದಕ್ಕಾಗಿಯೇ.

ಕುಂಟುವ ಹಸು ಬಂದಾಗ ನಾವು ಮೊದಲು ಕಾಲು ಮುಟ್ಟುವುದಿಲ್ಲ. ಯಾವಾಗಿನಿಂದ, ಏನಾದ ಮೇಲೆ ಎಂದು ಕೇಳುತ್ತೇವೆ. ಗಾಡಿಯಲ್ಲೂ ಅಷ್ಟೇ. ಟೈರು ಬದಲಾಯಿಸಿದ ಮೇಲೋ, ಪಟ್ಟಾ ಕೆಲಸ ಮಾಡಿಸಿದ ಮೇಲೋ, ಗುಂಡಿಗೆ ಬಿದ್ದ ಮೇಲೋ, ಸ್ಟೇರಿಂಗ್ ಬಾಕ್ಸ್ ಬಿಗಿ ಮಾಡಿಸಿದ ಮೇಲೋ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ನಂತರ ಟೈರು ತಣ್ಣಗಿರುವಾಗ ಗಾಳಿ ನೋಡಿಸಿ. ಮುಂದಿನ ಟೈರುಗಳಲ್ಲಿ ಗಾಳಿ ಕಡಿಮೆಯಿದ್ದರೆ ಮುಂದಿನ ಪರೀಕ್ಷೆಗಳೆಲ್ಲ ದಾರಿ ತಪ್ಪಿಸುತ್ತವೆ.

ಆಮೇಲೆ ಖಾಲಿ ಗಾಡಿಯನ್ನು ಜನಸಂಚಾರವಿಲ್ಲದ ಬಯಲಿಗೆ ಒಯ್ದು 15–20 ಕಿ.ಮೀ. ವೇಗದಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ. ಕೈ ಸಡಿಲಿಸಬೇಕೇ ಹೊರತು ಪೂರ್ತಿ ಬಿಡಬಾರದು. ಎರಡೂ ಕಡೆಯಿಂದ ಮರಳುವುದಿಲ್ಲವೇ, ಒಂದೇ ಕಡೆಯಿಂದಲೇ, ಅಥವಾ ಮುಕ್ಕಾಲು ಪಾಲು ಮರಳಿ ಕೊನೆಯಲ್ಲಿ ನಿಲ್ಲುತ್ತದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಿ.

ಈಗ ಮುಖ್ಯ ಪರೀಕ್ಷೆ. ಸಮನೆಲದಲ್ಲಿ ಹಿಂಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು ಮುಂಭಾಗವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಬರೀ ಜಾಕನ್ನು ನಂಬಿ ಗಾಡಿಯಡಿ ಹೋಗಲೇಬಾರದು. ಇಂಜಿನ್ ನಿಲ್ಲಿಸಿ ಸ್ಟೇರಿಂಗನ್ನು ಕೊನೆಯಿಂದ ಕೊನೆಗೆ ತಿರುಗಿಸಿ. ನೆಲದ ಹಿಡಿತವಿಲ್ಲದಿದ್ದರೂ ಗಡುಸಾಗಿದ್ದರೆ ಎಲ್ಲೋ ಬಿಗಿ ಹಿಡಿದಿದೆ. ಎಲ್ಲಿ ಎಂದು ತಿಳಿಯಲು ಸ್ಟೇರಿಂಗ್ ಬಾಕ್ಸಿನ ಡ್ರಾಪ್ ಆರ್ಮ್‌ನಿಂದ ರಾಡನ್ನು ಮೆಕ್ಯಾನಿಕ್ಕಿನಿಂದ ಬಿಚ್ಚಿಸಿ. ಬಾಕ್ಸಿಲ್ಲದೆ ರ‍್ಯಾಕ್ ಇರುವ ಗಾಡಿಯಾದರೆ ಎರಡೂ ಕಡೆಯ ಟೈ ರಾಡ್ ಎಂಡ್ ಬಿಚ್ಚಬೇಕು. ಬಿಚ್ಚಿದ ಮೇಲೆ ಚಕ್ರಗಳನ್ನು ಕೈಯಲ್ಲಿ ತಿರುಗಿಸಿದಾಗ ಬಿಗಿಯಿದ್ದರೆ ದೋಷ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟಿನಲ್ಲಿ. ಚಕ್ರ ಸಡಿಲವಾಗಿ ತಿರುಗಿ, ಮೇಲಿನ ಸ್ಟೇರಿಂಗ್ ಬಿಗಿಯಿದ್ದರೆ ದೋಷ ಬಾಕ್ಸಿನಲ್ಲಿ ಅಥವಾ ಕಂಬದ ಜಾಯಿಂಟಿನಲ್ಲಿ. ಒಂದು ಪೂರ್ತಿ ಸುತ್ತಿನಲ್ಲಿ ಎರಡು ಸಲ ಬಿಗಿ, ಎರಡು ಸಲ ಸಡಿಲ ಎನಿಸಿದರೆ ಕಂಬದ ಯೂನಿವರ್ಸಲ್ ಜಾಯಿಂಟ್ ತುಕ್ಕು ಹಿಡಿದಿದೆ ಎಂದು ತಿಳಿಯಿರಿ.

ಹಾಲಿನ ಗಾಡಿಗಳಲ್ಲಿ ಕಿಂಗ್‌ಪಿನ್ ಒಣಗುವುದಕ್ಕೆ ಕಾರಣ ನಮ್ಮ ಶುಚಿತ್ವವೇ ಎಂದರೆ ತಮಾಷೆಯಲ್ಲ. ದಿನವೂ ತೊಳೆಯುವ ನೀರು ಗ್ರೀಸನ್ನು ಕೊಚ್ಚಿಕೊಂಡು ಹೋಗುತ್ತದೆ. ತೊಳೆಯುವುದನ್ನು ಬಿಡಬೇಡಿ, ಗ್ರೀಸು ಹಾಕುವುದನ್ನು ಬೇಗ ಬೇಗ ಮಾಡಿಸಿ. ಅದನ್ನೂ ಮುಂಭಾಗ ಎತ್ತಿಯೇ ಹಾಕಿಸಬೇಕು. ಭಾರ ಬಿದ್ದಿರುವಾಗ ಕಿಂಗ್‌ಪಿನ್ನಿನ ಭಾರ ಹೊರುವ ಬೇರಿಂಗಿನೊಳಕ್ಕೆ ಗ್ರೀಸು ಸರಿಯಾಗಿ ಹೋಗುವುದಿಲ್ಲ. ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಹಾಕತಕ್ಕದ್ದು. ಏನೂ ಹೊರಬಾರದಿದ್ದರೆ ನಿಪ್ಪಲ್ ಕಟ್ಟಿಕೊಂಡಿದೆ.

ಇನ್ನೊಂದು ದೋಷವನ್ನು ನಾವೇ ಹಣ ಕೊಟ್ಟು ತರುತ್ತೇವೆ. ಸ್ಟೇರಿಂಗಿನಲ್ಲಿ ಪ್ಲೇ ಇದೆ ಎಂದು ಗ್ಯಾರೇಜಿಗೆ ಹೋಗುತ್ತೇವೆ. ಸವೆದಿರುವುದು ಟೈ ರಾಡ್ ಎಂಡ್. ಅದನ್ನು ಬದಲಾಯಿಸುವ ಬದಲು ಬಾಕ್ಸಿನ ಮೇಲಿನ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿದರೆ ಪ್ಲೇ ಹೋದಂತೆ ಕಾಣುತ್ತದೆ. ಆದರೆ ಬಾಕ್ಸಿನ ಹಲ್ಲುಗಳು ನೇರ ಸ್ಥಾನದಲ್ಲೇ ಅತಿ ಹತ್ತಿರ ಕೂಡುವಂತೆ ಮಾಡಿರುತ್ತಾರೆ. ಹೆಚ್ಚು ಬಿಗಿ ಮಾಡಿದಾಗ ಸರಿಯಾಗಿ ಆ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ. ಆಗಲೇ ಸ್ಟೇರಿಂಗ್ ಮುಕ್ಕಾಲು ಮರಳಿ ಕೊನೆಯಲ್ಲಿ ನಿಲ್ಲುವುದು. ಒಬ್ಬರು ಸ್ಟೇರಿಂಗನ್ನು ಸಣ್ಣಗೆ ಅಲ್ಲಾಡಿಸುತ್ತಿರುವಾಗ ಇನ್ನೊಬ್ಬರು ಕೆಳಗೆ ಒಂದೊಂದೇ ಜಾಯಿಂಟನ್ನು ಬೆರಳಿಟ್ಟು ನೋಡಿದರೆ ಪ್ಲೇ ಎಲ್ಲಿದೆ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ಇದನ್ನು ನೋಡದೆ ಸ್ಕ್ರೂ ಮುಟ್ಟಲು ಬಿಡಬೇಡಿ.

ಪವರ್ ಸ್ಟೇರಿಂಗ್ ಇದ್ದರೆ ಎಣ್ಣೆಯ ಮಟ್ಟ, ಬೆಲ್ಟು ನೋಡಿಸಿ. ಮುಂಚಕ್ರ ಎತ್ತಿರುವಾಗ ಇಂಜಿನ್ ಚಾಲೂ ಮಾಡಿದೊಡನೆ ಸ್ಟೇರಿಂಗ್ ತಾನೇ ಒಂದು ಕಡೆಗೆ ಓಡಿದರೆ ಒಳಗಿನ ವಾಲ್ವು ಕೆಟ್ಟಿದೆ. ಅದು ಕಂಪನಿಯ ಗ್ಯಾರೇಜಿನ ಕೆಲಸ.

ಎಲ್ಲವೂ ಸಡಿಲವಾಗಿದ್ದೂ ಮರಳುವುದಿಲ್ಲ, ಸ್ಟೇರಿಂಗ್ ಹಗುರ, ರಿಂಗ್ ರಸ್ತೆಯ ವೇಗದಲ್ಲಿ ಗಾಡಿ ಅತ್ತಿತ್ತ ತೂಗಾಡುತ್ತದೆ ಎಂದಾದರೆ ಕ್ಯಾಸ್ಟರ್ ಕಡಿಮೆಯಾಗಿದೆ. ಮುಂದಿನ ಪಟ್ಟಾ ಕುಸಿದಿರುವುದು, ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜರುಗಿರುವುದು, ಯು ಬೋಲ್ಟ್ ಸಡಿಲವಾಗಿರುವುದು, ಪಟ್ಟಾದಡಿಯ ಬೆಣೆಯನ್ನು ಹಿಂದುಮುಂದಾಗಿ ಹಾಕಿರುವುದು, ಬುಷ್ ಸವೆದಿರುವುದು: ಇವನ್ನು ಕ್ರಮವಾಗಿ ನೋಡಬೇಕು. ಹೆಚ್ಚು ಹೊರೆಗಾಗಿ ಹಿಂದಿನ ಪಟ್ಟಾಕ್ಕೆ ಎಲೆ ಸೇರಿಸುವವರು ಇದನ್ನು ವಿಶೇಷವಾಗಿ ಗಮನಿಸಿ. ಹಿಂಭಾಗ ಎದ್ದರೆ ಗಾಡಿ ಮೂಗು ತಗ್ಗಿಸುತ್ತದೆ, ಮುಂದಿನ ವಾಲು ಅಷ್ಟೇ ಕಡಿಮೆಯಾಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರಿದ್ದರೆ, ಹಿಂಭಾಗ ಸುಮಾರು 44 ಮಿ.ಮೀ. ಎದ್ದಾಗ ಒಂದು ಡಿಗ್ರಿ ಹೋಯಿತು. ಇರುವುದೇ ಕೆಲವು ಡಿಗ್ರಿ. ಖಾಲಿ ಗಾಡಿಯಲ್ಲಿ ಮಾತ್ರ ದೋಷ ಕಂಡು, ಹೊರೆ ಹಾಕಿದಾಗ ಸರಿಯಾದರೆ ಈ ಎಲೆಯನ್ನೇ ಸಂಶಯಿಸಿ.

ಹೊರೆ ಹಾಕಿದಾಗಲೇ ದೋಷ ಕಂಡರೆ ಹೊರೆಯ ಜಾಗ ನೋಡಿ. 40 ಲೀಟರಿನ 25 ಕ್ಯಾನುಗಳೆಂದರೆ ಹಾಲೇ ಒಂದು ಟನ್ನು ಮೀರುತ್ತದೆ, ಕ್ಯಾನುಗಳ ತೂಕ ಬೇರೆ. ಅದೆಲ್ಲ ಹಿಂದಿನ ಹಲಗೆಯ ಕಡೆ ನಿಂತರೆ ಮುಂಚಕ್ರದ ಭಾರ ಇಳಿದು, ನೇರಕ್ಕೆ ತಳ್ಳುವ ಶಕ್ತಿಯೂ ಇಳಿಯುತ್ತದೆ. ತುಂಬಿದ ಕ್ಯಾನು ಮುಂದೆ, ಖಾಲಿ ಕ್ಯಾನು ಹಿಂದೆ ಇರಲಿ. ಹಸು ಸಾಗಿಸುವಾಗ ಅದರ ಮುಖ ಇಂಜಿನ್ ಕಡೆಗಿರುವುದು ಒಳ್ಳೆಯದೆಂದು 1978ರ ಪ್ರಾಣಿ ಸಾಗಣೆ ನಿಯಮಗಳೂ ಹೇಳುತ್ತವೆ. ಹಾಗೆ ನಿಂತ ರಾಸು ಬೆದರುವುದು ಕಡಿಮೆ. ನಾಲ್ಕೈದು ನೂರು ಕಿಲೋ ತೂಗುವ ಮಿಶ್ರತಳಿ ಹಸು ತಿರುವಿನಲ್ಲಿ ಬೆದರಿ ಪಕ್ಕಕ್ಕೆ ಜರುಗಿದರೆ ಯಾವ ಸ್ಟೇರಿಂಗೂ ತಡೆಯುವುದಿಲ್ಲ.

ಅಲೈನ್‌ಮೆಂಟ್ ಮಾಡಿಸುವುದು ಈ ಎಲ್ಲದರ ಕೊನೆಗೆ. ಬಿಗಿ ಹಿಡಿದ ಕಿಂಗ್‌ಪಿನ್ ಇಟ್ಟುಕೊಂಡು ಯಂತ್ರಕ್ಕೆ ಹತ್ತಿಸಿದರೆ ದುಡ್ಡು ದಂಡ. ಹತ್ತಿಸಿದಾಗ ಟೋ ಒಂದನ್ನೇ ನೋಡಿ ಕಳಿಸುವುದುಂಟು. ಎಡ ಬಲ ಎರಡೂ ಕಡೆಯ ಕ್ಯಾಸ್ಟರ್ ಅಂಕಿಯಿರುವ ಚೀಟಿಯನ್ನು ಕೇಳಿ ಪಡೆದು, ತಮ್ಮ ಗಾಡಿಯ ಕಂಪನಿ ಕೊಟ್ಟಿರುವ ಅಂಕಿಯೊಂದಿಗೆ ಹೋಲಿಸಿ, ಗಾಡಿಯ ಕಾಗದಗಳ ಜೊತೆ ಇಟ್ಟುಕೊಳ್ಳಿ.