ಸಂಗೀತದ ವಿದ್ಯಾರ್ಥಿಯೂ ಮಹಾವಿದ್ಯಾಲಯದ ಆಯ್ಕೆಯೂ

‘ಹಾಡುತ್ತ ಹಾಡುತ್ತ ರಾಗ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ವಿದ್ಯೆಯು ಸಾಧನೆಯಿಂದಲೇ ಸಿದ್ಧಿಸತಕ್ಕುದು ಎಂಬುದು ಅದರ ತಾತ್ಪರ್ಯ. ಆದರೆ ಸಂಗೀತವನ್ನೇ ಮುಂದೆ ಅಭ್ಯಸಿಸುವೆನೆಂದು ಮಗನಾಗಲಿ ಮಗಳಾಗಲಿ ಹೇಳಿದಾಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ರೊಕ್ಕದ್ದು. ಒಬ್ಬರ ದುಡಿಮೆಯಲ್ಲಿ ಐವರು ಉಣ್ಣುವ ಮುಂಬಯಿಯ ಕುಟುಂಬಕ್ಕೆ ಈ ಪ್ರಶ್ನೆ ಸಣ್ಣದಲ್ಲ. ಸಲ್ಲದ ಕಡೆ ಮೂರು ವರ್ಷ ಕಳೆದರೆ ಹಣ ವ್ಯಯವಾಗುವುದು. ಕಂಠವೂ ಕೈಯೂ ಪಳಗುವ ಪ್ರಾಯವು ಮರಳಿ ಬಾರದು. ಆದುದರಿಂದ ಈ ವಿಷಯವನ್ನು ಕ್ರಮವಾಗಿ ವಿಚಾರಿಸುವುದು ಯುಕ್ತ.

ಮೊದಲು ಧ್ಯೇಯವು ನಿಶ್ಚಿತವಾಗಬೇಕು. ಸಂಗೀತದ ಪದವಿಯೂ ಸಂಗೀತದ ಸಿದ್ಧಿಯೂ ಒಂದೇ ಅಲ್ಲ. ಮಹಾವಿದ್ಯಾಲಯದಲ್ಲಿ ಅಧ್ಯಾಪಕನಾಗಬಯಸುವವನಿಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯೂ ‘ನೆಟ್’ ಪರೀಕ್ಷೆಯೂ ಬೇಕಾಗುವುವು. ಸಭಾಗಾಯಕನಿಗಾದರೋ ಕೇಳುವವರ ಕಿವಿಯೇ ಪರೀಕ್ಷಕ. ಆಕಾಶವಾಣಿಯು ಕಲಾವಿದರಿಗೆ ಕೊಡುವ ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳು ಸಹ ಅವರ ಸಂಗೀತವನ್ನು ಕೇಳಿ ಕೊಟ್ಟವೇ ಹೊರತು ಪದವಿಪತ್ರವನ್ನು ನೋಡಿ ಕೊಟ್ಟವಲ್ಲ. ಎರಡನ್ನೂ ಬಯಸುವವನು ಎರಡಕ್ಕೂ ಸಿದ್ಧತೆ ಮಾಡಬೇಕು.

ಎರಡನೆಯದಾಗಿ, ಕಟ್ಟಡವನ್ನು ನೋಡುವ ಮೊದಲು ಗುರುವನ್ನು ನೋಡಬೇಕು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಬಳಿ ಕಲಿಯಲು ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದರು. ಮಲ್ಲಿಕಾರ್ಜುನ ಮನ್ಸೂರರು ಇದೇ ಮುಂಬಯಿಯಲ್ಲಿ ಮಂಜಿಖಾನರ ಶಿಷ್ಯತ್ವವನ್ನು ಪಡೆದರು. ಈ ಮಹನೀಯರು ಗುರುವಿದ್ದಲ್ಲಿಗೆ ತಾವು ಹೋದರು. ಇಂದಿನ ವಿದ್ಯಾರ್ಥಿಯೂ ಸಂಸ್ಥೆಗೆ ಅರ್ಜಿ ಹಾಕುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿ ತಿಳಿಯಬೇಕು: ತನ್ನ ವಿಷಯವನ್ನು ಕಲಿಸುವವರಾರು? ವಾರಕ್ಕೆ ಎಷ್ಟು ತಾಸು ಅವರೆದುರು ಕುಳಿತು ಕಲಿಯಬಹುದು? ಒಂದು ವರ್ಗದಲ್ಲಿ ಎಷ್ಟು ಜನ? ಸಾಧನೆಗೆ ಕೋಣೆಯೂ ತಂಬೂರಿಯೂ ತಬಲೆಯ ಸಾಥಿಯೂ ದೊರೆಯುವುವೇ? ಸಾಧ್ಯವಾದರೆ ಒಂದು ದಿನ ಹೋಗಿ, ಅಪ್ಪಣೆ ಪಡೆದು, ಪಾಠ ನಡೆಯುವುದನ್ನು ಕೇಳಿ ಬರುವುದು ಉತ್ತಮ.

ಸಂಸ್ಥೆಗಳಿಗೆ ನಮ್ಮ ದೇಶದಲ್ಲಿ ಕೊರತೆಯಿಲ್ಲ. ಪಂಡಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಅವರ ಪರಂಪರೆಯ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲವು ಪ್ರಾರಂಭಿಕದಿಂದ ವಿಶಾರದ, ಅಲಂಕಾರಗಳ ವರೆಗೆ ಪರೀಕ್ಷೆಗಳನ್ನು ನಡೆಸುತ್ತದೆ. ಶಾಲೆಗೆ ಹೋಗುತ್ತಲೇ ಈ ಪರೀಕ್ಷೆಗಳಿಗೆ ಕೂಡಬಹುದು. ಆದರೆ ವಿಶಾರದವು ಎಲ್ಲೆಡೆಯೂ ಸ್ನಾತಕ ಪದವಿಗೆ ಸಮಾನವೆಂದು ಭಾವಿಸಬಾರದು. ಮುಂದೆ ಸೇರಬೇಕಾದ ಸಂಸ್ಥೆಯನ್ನೇ ಕೇಳಿಕೊಳ್ಳಬೇಕು. ಸನಿಹದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸಂಗೀತ ವಿಭಾಗವೂ, ಪುಣೆಯಲ್ಲಿ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರವೂ ಇವೆ. ತುಸು ದೂರದಲ್ಲಿ ಬಡೋದೆ, ಬನಾರಸ್, 1956ರಲ್ಲಿ ಸ್ಥಾಪಿತವಾದ ಖೈರಾಗಢದ ಇಂದಿರಾ ಕಲಾ ಸಂಗೀತ ವಿಶ್ವವಿದ್ಯಾಲಯ ಇವುಗಳುಂಟು. ತಾಯ್ನಾಡಿಗೆ ಹೋಗಬಯಸುವವರಿಗೆ ಧಾರವಾಡವಿದೆ. ಮೈಸೂರಿನಲ್ಲಿ ಗಂಗೂಬಾಯಿಯವರ ಹೆಸರಿನ ವಿಶ್ವವಿದ್ಯಾಲಯವಿದೆ. ಬಡವರಿಗೂ ಅಂಧರಿಗೂ ಅನ್ನವನ್ನೂ ವಿದ್ಯೆಯನ್ನೂ ನೀಡಿದ ಗದುಗಿನ ವೀರೇಶ್ವರ ಪುಣ್ಯಾಶ್ರಮವಿದೆ. ಕಲಕತ್ತೆಯ ಐ.ಟಿ.ಸಿ. ಸಂಗೀತ ರಿಸರ್ಚ್ ಅಕಾಡೆಮಿಯು ಗುರುಕುಲ ಪದ್ಧತಿಯಲ್ಲಿ ನಡೆಯುತ್ತದೆ. ಆಯ್ದ ಶಿಷ್ಯರಿಗೆ ಅಲ್ಲಿ ಶಿಷ್ಯವೇತನವುಂಟು.

ಮೂರನೆಯದು ವೆಚ್ಚದ ಲೆಕ್ಕ. ಅನೇಕ ಪಾಲಕರು ಶುಲ್ಕವೊಂದನ್ನೇ ನೋಡಿ ‘ಅಗ್ಗ’, ‘ತುಟ್ಟಿ’ ಎಂದು ನಿರ್ಣಯಿಸುವರು. ಸರಕಾರಿ ಸಂಸ್ಥೆಗಳಲ್ಲಿ ಶುಲ್ಕಕ್ಕಿಂತ ಊಟ ವಸತಿಗಳ ಭಾರವೇ ಹೆಚ್ಚಾಗುವುದುಂಟು. ಪರಸ್ಥಳದಲ್ಲಿ ತಿಂಗಳಿಗೆ 8,000 ರೂಪಾಯಿ ತಗಲುವುದೆಂದು ಹಿಡಿಯೋಣ. ವರ್ಷಕ್ಕೆ 96,000, ಮೂರು ವರ್ಷಕ್ಕೆ 2,88,000 ರೂಪಾಯಿ ಆಯಿತು. ಇದಕ್ಕೆ ವಾದ್ಯ, ಅದರ ದುರಸ್ತಿ, ರೈಲು ಪ್ರಯಾಣ, ಖಾಸಗಿ ಪಾಠ ಇವನ್ನು ಕೂಡಿಸಬೇಕು. ಮನೆಯಲ್ಲಿಯೇ ಇದ್ದು ಊರ ಮಹಾವಿದ್ಯಾಲಯದಲ್ಲಿ ಪದವಿಗೆ ಓದುತ್ತ, ಉಳಿದ ಹಣವನ್ನು ಒಳ್ಳೆಯ ಗುರುವಿನ ಪಾಠಕ್ಕೆ ವಿನಿಯೋಗಿಸುವುದು ಎಷ್ಟೋ ಮನೆಗಳಿಗೆ ಹಿತವಾದ ಮಾರ್ಗ. ಆದರೆ ಒಂದೇ ಕೋಣೆಯ ಬಿಡಾರದಲ್ಲಿ ಬೆಳಗಿನ ಸಾಧನೆಗೆ ಎಡೆಯೇ ಇಲ್ಲವಾದರೆ, ಅಭ್ಯಾಸಕ್ಕೆ ಸ್ಥಳವುಳ್ಳ ವಸತಿಗೃಹಕ್ಕೆ ತೆತ್ತ ಹಣ ಸಾರ್ಥಕವೆನ್ನಬೇಕು.

ಇನ್ನು ನೆರವಿನ ಮಾತು. ಕೇಂದ್ರ ಸರಕಾರದ ಸಾಂಸ್ಕೃತಿಕ ಸಂಪನ್ಮೂಲ ಹಾಗೂ ತರಬೇತಿ ಕೇಂದ್ರವು, ಅಂದರೆ ಸಿ.ಸಿ.ಆರ್.ಟಿ.ಯು, 10ರಿಂದ 14 ವರ್ಷದ ಮಕ್ಕಳಿಗಾಗಿ ಸಾಂಸ್ಕೃತಿಕ ಪ್ರತಿಭಾನ್ವೇಷಣ ವಿದ್ಯಾರ್ಥಿವೇತನವನ್ನು ಇರಿಸಿದೆ. ಈ ವಯೋಮಿತಿಯನ್ನು ಗಮನಿಸಿರಿ. ಎಂಟನೆಯ ಇಯತ್ತೆಯನ್ನು ದಾಟಿದ ಮೇಲೆ ವಿಚಾರಿಸುವವರಿಗೆ ಈ ಬಾಗಿಲು ಬಹುತೇಕ ಮುಚ್ಚಿರುತ್ತದೆ. 18ರಿಂದ 25 ವರ್ಷದ ತರುಣ ಕಲಾವಿದರಿಗೆ ಬೇರೊಂದು ವೇತನವಿದೆ: ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ, ಒಟ್ಟು 1,20,000. ಅದಕ್ಕೆ ಕನಿಷ್ಠ ಐದು ವರ್ಷಗಳ ಶಿಕ್ಷಣ ನಡೆದಿರಬೇಕು. ಹಣವು ಆರು ತಿಂಗಳಿಗೊಮ್ಮೆ ಕಂತಾಗಿ ಬರುವುದರಿಂದ ಮೊದಲ ತಿಂಗಳುಗಳ ಊಟ ಬಾಡಿಗೆಗಳಿಗೆ ಅದನ್ನೇ ನೆಚ್ಚಲಾಗದು. ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ಓದಿಕೊಳ್ಳತಕ್ಕದ್ದು.

ವಿದ್ಯಾರ್ಥಿ ಮಿತ್ರರೇ, ಆಯ್ಕೆಯ ಕಾಲವು ಹನ್ನೆರಡನೆಯ ಇಯತ್ತೆಯ ಫಲಿತಾಂಶದ ದಿನದಿಂದಲ್ಲ, ಇಂದಿನಿಂದಲೇ ಆರಂಭವಾಗುತ್ತದೆ. ಕಲಿತ ರಾಗಗಳ ಪಟ್ಟಿ, ಪರೀಕ್ಷೆಗಳ ಪ್ರಮಾಣಪತ್ರ, ಗುರುಗಳ ಅಭಿಪ್ರಾಯ ಇವನ್ನು ಒಂದೆಡೆ ಜೋಪಾನವಾಗಿಡಿರಿ. ಪಾಲಕರಲ್ಲಿಯೂ ಒಂದು ವಿಜ್ಞಾಪನೆ: ಮಕ್ಕಳೊಡನೆ ಕುಳಿತು, ಆದಾಯವನ್ನು ಮುಚ್ಚಿಡದೆ, ಮೂರು ವರ್ಷದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮನೆಯ ಶಕ್ತಿಯನ್ನರಿತ ಮಗುವು ಆ ಹಣದ ಬೆಲೆಯನ್ನರಿತು ಸಾಧನೆಗೆ ಕುಳಿತುಕೊಳ್ಳುವುದು.